ಒರಿಜಿನಲ್ ಯಾವುದು ಅಂತ ಕೇಳೋ ಮುಂಚೆ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ರೂಮಿನ ಗಿಟಾರಿಸ್ಟ್‌ಗೆ ಹದಿನೈದು ದಿನದ ಅಂತರದಲ್ಲಿ ಎರಡು ಸಲ ಮಂಗಳಾರತಿ ಆಯ್ತು. ಮೊದಲನೇ ಸಲ ಇನ್ನೊಂದು ಕಾಲೇಜಿನ ಫೆಸ್ಟ್‌ನಲ್ಲಿ. ಹಳೆಯ ಸಿನಿಮಾ ಹಾಡೊಂದನ್ನು ಅವನು ತುಂಬಾ ನಿಧಾನಕ್ಕೆ, ಟ್ರ್ಯಾಕ್ ಇಲ್ಲದೆ, ಬರೀ ಗಿಟಾರ್ ಜೊತೆ ಹಾಡಿದ. ಜಡ್ಜ್ ಒಬ್ಬರು ಮೈಕ್ ತಗೊಂಡು, "ಚೆನ್ನಾಗಿದೆ ಕಣಪ್ಪ, ಆದ್ರೆ ಒರಿಜಿನಲ್ ಥರ ಬರ್ಲಿಲ್ಲ" ಅಂದ್ರು. ಎರಡನೇ ಸಲ ನಮ್ಮದೇ ಸಂಘದ ಸಂಜೆ ಕಾರ್ಯಕ್ರಮಕ್ಕೆ ಹೆಸರು ಕೊಡಲು ಹೋದಾಗ. ಸೀನಿಯರ್ ಒಬ್ಬರು ಲಿಸ್ಟ್ ನೋಡಿ, "ಬರೀ ಕವರ್‌ಗಳೇ ಆಗೋಯ್ತು ಮಾರಾಯ, ನಿನ್ನದೇ ಏನಾದ್ರೂ ಒರಿಜಿನಲ್ ಇಲ್ವಾ?" ಅಂದ್ರು. ಒರಿಜಿನಲ್ ಥರ ಇಲ್ಲ ಅಂತ ಒಬ್ಬರು, ಒರಿಜಿನಲ್ಲೇ ಅಲ್ಲ ಅಂತ ಇನ್ನೊಬ್ಬರು. ಪಾಪ, ಅವನು ರೂಮಿಗೆ ಬಂದು ಗಿಟಾರನ್ನು ಬ್ಯಾಗಿಗೆ ಹಾಕಿ ಮಂಚದ ಕೆಳಗೆ ತಳ್ಳಿದ. ಇಂಟರ್ನಲ್ಸ್ ಮುಗಿಯೋವರೆಗೂ ಅದು ಹೊರಗೆ ಬರಲಿಲ್ಲ.

ಈಗ ರಾಜ್ಯೋತ್ಸವದ ಗಾಯನ ಸ್ಪರ್ಧೆಗೆ ಹೊಸ ನಿಯಮ ಬರುತ್ತೆ ಅಂತ ಸುದ್ದಿ. ಸ್ವಂತ ರಚನೆಗೆ ಮಾತ್ರ ಪೂರ್ತಿ ಅಂಕ, ಕವರ್ ಹಾಡಿದರೆ ಅರ್ಧಕ್ಕೇ ನಿಲ್ಲಿಸ್ತಾರಂತೆ. ನಿಯಮ ನೋಟಿಸ್ ಬೋರ್ಡಿಗೆ ಹತ್ತುವ ಮುಂಚೆ ನಾವು ಮೂವರು ಒಂದು ಮಾತು ಹೇಳಬೇಕು ಅಂತ ಕೂತಿದ್ದೀವಿ. ಆದರೆ ನಮಗೆ ಪೂರ್ತಿ ಗೊತ್ತಿರೋ ಉದಾಹರಣೆ ಒಂದು ಇಂಗ್ಲಿಷ್ ಹಾಡಿನದು. ಕನ್ನಡ ಸಂಘದ ಪತ್ರಿಕೆಯಲ್ಲಿ ಇದೇನಿದು ಅಂತ ಹುಬ್ಬೇರಿಸಬೇಡಿ. ನಾವು ಮೂವರೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಕೇಳಿ ಬೆಳೆದ ಹಾಡುಗಳೇ ಅವು, ಬರೆಯೋಕೆ ಇಷ್ಟಪಟ್ಟು ಕಲಿಯುತ್ತಿರೋ ಭಾಷೆ ಇದು. ಒತ್ತಕ್ಷರ ಎಲ್ಲಾದರೂ ಎಡವಿದ್ರೆ ಸಂಪಾದಕರು ತಿದ್ದಿಕೊಳ್ಳಲಿ.

ಹಾಡು 'ಆಲ್ವೇಸ್ ಆನ್ ಮೈ ಮೈಂಡ್'. ಗಿಟಾರ್ ಮಂಚದ ಕೆಳಗಿಂದ ಹೊರಗೆ ಬಂದ ರಾತ್ರಿ ಅವನು ನುಡಿಸಿದ್ದು ಇದನ್ನೇ. ನುಡಿಸಿ ಮುಗಿಸೋದ್ರೊಳಗೆ ಜಗಳ ಶುರು. ನಮ್ಮಲ್ಲೊಬ್ಬನಿಗೆ ಇದು ಎಲ್ವಿಸ್ ಪ್ರೆಸ್ಲಿ ಹಾಡು. ಇನ್ನೊಬ್ಬನ ಅಪ್ಪನ ಕಾರಿನ ಪೆನ್‌ಡ್ರೈವ್‌ನಲ್ಲಿ ಇದು ವಿಲ್ಲಿ ನೆಲ್ಸನ್ ದನಿಯಲ್ಲಿದೆ, ಅವನ ಪಾಲಿಗೆ ಬೇರೆ ಯಾರು ಹಾಡಿದರೂ ಅದು ನಕಲು. ಮೂರನೆಯವನು 'ಆಲ್ ಆಫ್ ಅಸ್ ಸ್ಟ್ರೇಂಜರ್ಸ್' ಸಿನಿಮಾ ನೋಡಿದ್ದ. ಅದರಲ್ಲಿ ಬರೋದು ಪೆಟ್ ಶಾಪ್ ಬಾಯ್ಸ್ ಅವರ ಕುಣಿಯುವ ಆವೃತ್ತಿ. ಮೂವರೂ ಫೋನ್ ತೆಗೆದ್ವಿ. ಅರ್ಧ ಗಂಟೆಯಲ್ಲಿ ಗೊತ್ತಾಗಿದ್ದು ಏನಪ್ಪಾ ಅಂದ್ರೆ, ಮೂವರೂ ಸೋತಿದ್ವಿ. ಮೂರರಲ್ಲಿ ಒಂದೂ ಮೊದಲನೆಯದಲ್ಲ.

ಹಾಡು ಹುಟ್ಟಿದ್ದು ವೇಯ್ನ್ ಕಾರ್ಸನ್ ಅನ್ನೋ ಗೀತರಚನೆಕಾರನ ತಲೆಯಲ್ಲಿ. ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವನ ಮನೆ, ಕೆಲಸ ಮಾತ್ರ ಮೆಂಫಿಸ್‌ನಲ್ಲಿ. ಒಮ್ಮೆ ಕೆಲಸ ಮುಗಿಯದೆ ಅಂದುಕೊಂಡಿದ್ದಕ್ಕಿಂತ ಹೆಚ್ಚು ದಿನ ಮನೆಯಿಂದ ದೂರ ಉಳಿದ. ಫೋನಿನಲ್ಲಿ ಹೆಂಡತಿಗೆ ಕೋಪ. ಇವನು ಸಮಾಧಾನ ಮಾಡ್ತಾ, ದೂರ ಇದ್ದೀನಿ ನಿಜ, ಆದರೆ ಯಾವಾಗಲೂ ನಿನ್ನದೇ ಯೋಚನೆ ಅನ್ನೋ ಅರ್ಥದ ಮಾತು ಹೇಳಿದನಂತೆ. ಹೇಳಿದ ಕ್ಷಣವೇ ಇದು ಹಾಡಾಗುತ್ತೆ ಅಂತ ಹೊಳೆದು, ಬೇಗ ಬೇಗ ಫೋನ್ ಇಟ್ಟುಬಿಟ್ಟನಂತೆ. ಅವನೇ ಮುಂದೆ ಹೇಳಿಕೊಂಡ ಕತೆ ಇದು. ಸ್ವಲ್ಪ ಯೋಚನೆ ಮಾಡಿ: ನಿನಗೆ ಟೈಮ್ ಕೊಡಲಿಲ್ಲ, ತಪ್ಪಾಯ್ತು ಅನ್ನೋ ಹಾಡು ಬರೆಯೋಕೆ ಅದೇ ಹೆಂಡತಿಯ ಫೋನ್ ಕಟ್! ನಾವೇನೂ ಕಡಿಮೆ ಇಲ್ಲ ಬಿಡಿ. ಈ ಪ್ಯಾರಾ ಬರೆಯುವಾಗ ನಮ್ಮಲ್ಲೊಬ್ಬನಿಗೆ ಅಮ್ಮನ ಫೋನ್ ಬಂತು. "ಬರೀತಾ ಇದೀವಮ್ಮ, ಆಮೇಲೆ ಮಾಡ್ತೀನಿ" ಅಂದ.

ಅಡುಗೆಮನೆಯ ಟೇಬಲ್ ಮುಂದೆ ಕೂತು ಕಾರ್ಸನ್ ಹಾಡಿನ ಬಹುಭಾಗವನ್ನು ಕೆಲವೇ ನಿಮಿಷದಲ್ಲಿ ಬರೆದ. ಇಂಥ ಕತೆ ಕೇಳಿದಾಗ ನಾವೆಲ್ಲ ಅಲ್ಲಿಗೇ ಚಪ್ಪಾಳೆ ಹೊಡೆದು ಎದ್ದು ಹೋಗ್ತೀವಿ. ಪ್ರತಿಭೆ, ಸ್ಫೂರ್ತಿ, ಹತ್ತು ನಿಮಿಷ, ಮುಗೀತು. ಆದರೆ ಹಾಡು ಮುಗಿದಿರಲಿಲ್ಲ. ಮೆಂಫಿಸ್‌ನಲ್ಲಿ ಅಮೆರಿಕನ್ ಸೌಂಡ್ ಅಂತ ಒಂದು ಸ್ಟುಡಿಯೋ ಇತ್ತು. ಎಲ್ವಿಸ್ 1969ರಲ್ಲಿ 'ಸಸ್ಪಿಷಿಯಸ್ ಮೈಂಡ್ಸ್' ರೆಕಾರ್ಡ್ ಮಾಡಿದ್ದು ಅಲ್ಲೇ. ಅದನ್ನು ನಡೆಸುತ್ತಿದ್ದ ನಿರ್ಮಾಪಕ ಚಿಪ್ಸ್ ಮೋಮನ್ ಈ ಹಾಡು ಕೇಳಿ, ಇದಕ್ಕೊಂದು ಬ್ರಿಡ್ಜ್ ಬೇಕು ಅಂದ. ಸಿವಿಲ್‌ನವರು ಓಡಿ ಬರಬೇಡಿ, ಇದು ಬೇರೆ ಬ್ರಿಡ್ಜ್. ಒಂದೇ ಧಾಟಿಯಲ್ಲಿ ಎರಡು ಚರಣ ಹೋದ ಮೇಲೆ, ಹಾಡನ್ನು ಬೇರೆ ದಾರಿಗೆ ತಿರುಗಿಸಿ ಮತ್ತೆ ವಾಪಸ್ ತಂದು ಬಿಡುವ ಸಣ್ಣ ಭಾಗ. ಕಾರ್ಸನ್‌ಗೆ ಅದು ಬೇಕು ಅನ್ನಿಸಿರಲಿಲ್ಲ. ಮೋಮನ್ ಬಿಡಲಿಲ್ಲ. ಕಡೆಗೆ ಸ್ಟುಡಿಯೋದಲ್ಲಿ ಸಿಕ್ಕ ಇನ್ನಿಬ್ಬರು ಗೀತರಚನೆಕಾರರು, ಜಾನಿ ಕ್ರಿಸ್ಟೋಫರ್ ಮತ್ತು ಮಾರ್ಕ್ ಜೇಮ್ಸ್, ಕೈ ಹಚ್ಚಿದರು. 'ಸಸ್ಪಿಷಿಯಸ್ ಮೈಂಡ್ಸ್' ಬರೆದವನು ಈ ಮಾರ್ಕ್ ಜೇಮ್ಸೇ. ಅದನ್ನೂ ಎಲ್ವಿಸ್‌ಗಿಂತ ಮೊದಲು ಬರೆದವನೇ ಹಾಡಿದ್ದ, ಆಗ ಯಾರೂ ಕೇಳಲಿಲ್ಲ.

ಈಗ ಹಾಡನ್ನು ಕೇಳಿ ನೋಡಿ. ಬ್ರಿಡ್ಜ್ ಬರೋವರೆಗೆ ಒಬ್ಬ ಮನುಷ್ಯ ತನ್ನ ತಪ್ಪುಗಳ ಪಟ್ಟಿ ಓದ್ತಾನೆ. ಮಾಡಬೇಕಿತ್ತು, ಮಾಡಲಿಲ್ಲ, ಆದರೂ ಮನಸ್ಸಲ್ಲಿ ನೀನಿದ್ದೆ. ಕೇಳ್ತಾ ಕೇಳ್ತಾ ಸ್ವಲ್ಪ ಸಿಟ್ಟೂ ಬರುತ್ತೆ. ಅಟೆಂಡೆನ್ಸ್ ಶಾರ್ಟೇಜ್ ಆದವನು ಎಚ್‌ಓಡಿ ಮುಂದೆ ನಿಂತು, "ಕ್ಲಾಸಿಗೆ ಬರ್ಲಿಲ್ಲ ಸರ್, ಆದ್ರೆ ಸಬ್ಜೆಕ್ಟ್ ಮೇಲೆ ತುಂಬಾ ಪ್ರೀತಿ ಇದೆ" ಅಂದ ಹಾಗೆ. ಬ್ರಿಡ್ಜ್‌ನಲ್ಲಿ ಮೊದಲ ಸಲ ಅವನು ಸಬೂಬು ನಿಲ್ಲಿಸಿ ಬೇಡಿಕೊಳ್ಳುತ್ತಾನೆ, ಇನ್ನೊಂದೇ ಒಂದು ಅವಕಾಶ ಅಂತ. ಅಲ್ಲಿ ಹಾಡಿಗೆ ಜೀವ ಬರುತ್ತೆ. ಅಂದ್ರೆ ನಮ್ಮ ಎದೆಗೆ ತಾಗುವ ಆ ಭಾಗ, ಮೊದಲು ಬರೆದವನು ಬೇಡ ಅಂದಿದ್ದ ಭಾಗ. ಇದರಲ್ಲಿ ಒರಿಜಿನಲ್ ಯಾವುದು? ಅಡುಗೆಮನೆಯ ಟೇಬಲ್ ಮೇಲಿದ್ದ ಎರಡು ಚರಣವಾ?

ಮೊದಲ ಧ್ವನಿಮುದ್ರಣದ ಕತೆ ಇನ್ನೂ ಗೋಜಲು. 1970ರಲ್ಲಿ ಬಿ.ಜೆ. ಥಾಮಸ್ ಹಾಡಿ ರೆಕಾರ್ಡ್ ಮಾಡಿದ, ಆದರೆ ಆಗ ಅದು ಬಿಡುಗಡೆಯೇ ಆಗಲಿಲ್ಲ. ಅಂಗಡಿಗೆ ಮೊದಲು ಬಂದದ್ದು 1972ರಲ್ಲಿ, ಗ್ವೆನ್ ಮೆಕ್ರೇ ಅನ್ನೋ ಫ್ಲೋರಿಡಾದ ಗಾಯಕಿಯ ದನಿಯಲ್ಲಿ. ಕಂಟ್ರಿ ಅಲ್ಲ, ಸೋಲ್. ಚರ್ಚ್‌ನಲ್ಲಿ ಹಾಡಿ ಬೆಳೆದ ದನಿ, ಕ್ಷಮೆ ಕೇಳುವಾಗಲೂ ತಲೆ ತಗ್ಗಿಸದ ದನಿ. ಕೆಲವೇ ತಿಂಗಳಲ್ಲಿ ಬ್ರೆಂಡಾ ಲೀ ಹಾಡಿದಳು. 1960ರಲ್ಲಿ ಹದಿನೈದನೇ ವಯಸ್ಸಿಗೇ 'ಐಯಾಮ್ ಸಾರಿ' ಹಾಡಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋದವಳು, ಕ್ಷಮೆ ಕೇಳೋದ್ರಲ್ಲಿ ಅವಳಿಗೆ ಅನುಭವ ಇತ್ತು ಅನ್ನಿ. ಎರಡೂ ದೊಡ್ಡದಾಗಿ ಓಡಲಿಲ್ಲ. ಆದರೆ ಗಂಡಸಿನ ಸಬೂಬು ಅಂತ ಇವತ್ತು ನಾವು ಅಂದುಕೊಳ್ಳುವ ಹಾಡನ್ನು ಜನರಿಗೆ ಮೊದಲು ಮುಟ್ಟಿಸಿದ್ದು ಹೆಂಗಸರು. ಇದು ಗೊತ್ತಾದ ಮೇಲೆ ಹಾಡು ನಮಗೆ ಬೇರೆ ಥರ ಕೇಳಿಸೋಕೆ ಶುರುವಾಯ್ತು.

ಎಲ್ವಿಸ್ ರೆಕಾರ್ಡ್ ಮಾಡಿದ್ದು 1972ರ ಮಾರ್ಚ್ 29ರಂದು, ಹಾಲಿವುಡ್‌ನಲ್ಲಿ. ಅದಕ್ಕೆ ಕೆಲವೇ ವಾರ ಮುಂಚೆ, ಫೆಬ್ರವರಿಯಲ್ಲಿ, ಅವನೂ ಪತ್ನಿ ಪ್ರಿಸಿಲ್ಲಾನೂ ಬೇರೆಯಾಗಿದ್ದರು. ಈ ವಿಷಯ ಗೊತ್ತಿದ್ದು ಕೇಳಿದರೆ ಹಿಂದಿನ ಕೋರಸ್, ವಯೋಲಿನ್ ಎಲ್ಲ ಮರೆತುಹೋಗುತ್ತೆ. ತನ್ನ ಮನೆ ಕತೆಯನ್ನು ಬೇರೆಯವನು ಬರೆದುಕೊಟ್ಟ ಪದಗಳಲ್ಲಿ ಹೇಳುತ್ತಿರುವ ಮನುಷ್ಯ ಕಾಣ್ತಾನೆ. ಎಲ್ವಿಸ್ ತನ್ನ ಹಾಡುಗಳನ್ನು ತಾನೇ ಬರೆದವನಲ್ಲ ಅಂತ ಮೂಗು ಮುರಿಯುವವರು ಇದೊಂದನ್ನು ಕೇಳಬೇಕು. ತಮಾಷೆ ಅಂದ್ರೆ ಅಮೆರಿಕದಲ್ಲಿ ಇದು ಡಿಸ್ಕ್‌ನ ಇನ್ನೊಂದು ಬದಿಗೆ ಬಂತು, ಮುಂದಿನ ಬದಿ 'ಸೆಪರೇಟ್ ವೇಸ್' ಅನ್ನೋ ಹಾಡಿಗೆ. ಬ್ರಿಟನ್‌ನಲ್ಲಿ ಮಾತ್ರ ಇದೇ ಮುಂದೆ ಬಂದು ಟಾಪ್ ಟೆನ್ ಸೇರಿತು.

ಒಂದೇ ವರ್ಷದಲ್ಲಿ ಮೂವರು ಹೇಗೆ ಅದೇ ಹಾಡು ಹಾಡಿದರು, ಜಗಳ ಆಗಲಿಲ್ವಾ ಅಂತ ನಮಗೂ ಅನ್ನಿಸಿತು. ಉತ್ತರ ಕಾನೂನಿನಲ್ಲಿದೆ. ಅಮೆರಿಕದಲ್ಲಿ 1909ರಿಂದಲೇ ಒಂದು ನಿಯಮ ಇದೆ. ಹಾಡಿನ ಮೊದಲ ಧ್ವನಿಮುದ್ರಣ ಒಪ್ಪಿಗೆ ಪಡೆದು ಹೊರಗೆ ಬಂದ ಮೇಲೆ ಬೇರೆ ಯಾರು ಬೇಕಾದರೂ ಅದನ್ನು ಮತ್ತೆ ಹಾಡಿ ರೆಕಾರ್ಡ್ ಮಾಡಬಹುದು, ಬರೆದವರ ಕಡೆಗೆ ನಿಗದಿಯಾದ ಹಣ ಕಟ್ಟಿದರೆ ಸಾಕು. ಆ ಹಣ 1909ರಿಂದ 1977ರ ಕೊನೆಯವರೆಗೆ ಎಷ್ಟಿತ್ತು ಗೊತ್ತಾ? ಒಂದು ಪ್ರತಿಗೆ ಎರಡು ಸೆಂಟ್. ಅದರಲ್ಲೇ ಪ್ರಕಾಶಕನ ಪಾಲು, ಉಳಿದದ್ದು ಮೂವರು ಬರೆದವರಿಗೆ. ನಮ್ಮ ಕ್ಯಾಂಟೀನ್‌ನ ಟೀ ರೇಟೇ ಇದಕ್ಕಿಂತ ಚುರುಕಾಗಿ ಏರಿದೆ. ಆದರೂ ಆ ನಿಯಮದ ಒಳಗಿರೋ ತಿಳುವಳಿಕೆ ನಮಗೆ ಹಿಡಿಸ್ತು. ಹಾಡು ಬೇರೆ, ಧ್ವನಿಮುದ್ರಣ ಬೇರೆ. ಹಾಡು ಬರೆದವರದು, ಅದರ ಒಂದೊಂದು ಹಾಡುಗಾರಿಕೆ ಒಬ್ಬೊಬ್ಬರದು. ನಮ್ಮ ದೇಶದ ಕಾಯ್ದೆಯಲ್ಲೂ ಕವರ್‌ಗೆ ಜಾಗ ಇದೆ. 2012ರ ತಿದ್ದುಪಡಿಯ ಪ್ರಕಾರ, ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ ಹಣ ಕಟ್ಟಿ ಮತ್ತೆ ಹಾಡಬಹುದು. ಆದರೆ ಇದು ಕವರ್ ಅಂತ ಮೇಲೆ ಬರೆದಿರಬೇಕು, ಯಾರು ಹಾಡಿದ್ದಾರೆ ಅನ್ನೋದ್ರಲ್ಲಿ ಕೊಳ್ಳುವವರಿಗೆ ಟೋಪಿ ಹಾಕೋ ಹಾಗಿಲ್ಲ. ಇದರಲ್ಲಿ ನಾಚಿಕೆಪಡೋ ವಿಷಯ ಏನಿದೆ?

ಹತ್ತು ವರ್ಷ ಮುಂದೆ ಹೋಗೋಣ. ವಿಲ್ಲಿ ನೆಲ್ಸನ್ ಮತ್ತು ಮರ್ಲ್ ಹ್ಯಾಗರ್ಡ್ ಇಬ್ಬರೂ ಕಂಟ್ರಿ ಸಂಗೀತದ ದೊಡ್ಡ ತಲೆಗಳು, ಟೆಕ್ಸಸ್‌ನಲ್ಲಿ ಜೊತೆಯಾಗಿ ಆಲ್ಬಂ ಮಾಡುತ್ತಿದ್ದರು. ಜಾನಿ ಕ್ರಿಸ್ಟೋಫರ್ ಅಲ್ಲಿಗೆ ಈ ಹಾಡು ತಂದ. ಹ್ಯಾಗರ್ಡ್‌ಗೆ ಅಷ್ಟಾಗಿ ಹಿಡಿಸಲಿಲ್ಲ, ನೆಲ್ಸನ್ ತಾನೊಬ್ಬನೇ ಹಾಡಿದ. ಎಲ್ವಿಸ್ ಹಾಡಿದ್ದು ಆಗ ಅವನಿಗೆ ಗೊತ್ತೂ ಇರಲಿಲ್ಲವಂತೆ. ನಿರ್ಮಾಪಕ ಯಾರು ಅಂತೀರಿ? ಅದೇ ಚಿಪ್ಸ್ ಮೋಮನ್! ಬ್ರಿಡ್ಜ್ ಬೇಕು ಅಂತ ಹಟ ಹಿಡಿದವನು ತನ್ನ ಕೈಯಾರೆ ಅದೇ ಹಾಡನ್ನು ಮತ್ತೆ ಧ್ವನಿಮುದ್ರಿಸಿದ.

ನೆಲ್ಸನ್ ಆಗ ಐವತ್ತರ ಹತ್ತಿರ. ಪಿಯಾನೋದಿಂದ ಶುರುವಾಗುತ್ತೆ, ಆಮೇಲೆ ಅವನ ಆ ಮೂಗಿನ ದನಿ. ತಾಳಕ್ಕೆ ಸರಿಯಾಗಿ ಹಾಡೋದೇ ಇಲ್ಲ, ಒಂದು ಚೂರು ಹಿಂದೆ ಉಳೀತಾನೆ, ಮಾತಾಡಿದ ಹಾಗೆ. ನಮ್ಮ ಜಡ್ಜ್ ಇದ್ದಿದ್ರೆ ತಾಳ ತಪ್ಪಿದೆ ಅಂತ ಎರಡು ಅಂಕ ಕಿತ್ತಿರೋರು. ಎಲ್ವಿಸ್ ಹಾಡಿದಾಗ ಹೆಂಡತಿ ಈಗತಾನೇ ಬಾಗಿಲು ಹಾಕಿಕೊಂಡು ಹೋದ ಹಾಗಿದೆ. ನೆಲ್ಸನ್ ಹಾಡಿದಾಗ ಅವಳು ಹೋಗಿ ವರ್ಷಗಳಾಗಿವೆ, ಉತ್ತರ ಬರಲ್ಲ ಅಂತ ಅವನಿಗೂ ಗೊತ್ತು. ಪದ ಅವೇ, ಧಾಟಿ ಅದೇ. 1982ರಲ್ಲಿ ಇದು ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೂ ಪಾಪ್ ಪಟ್ಟಿಯಲ್ಲಿ ಐದಕ್ಕೂ ಹೋಯಿತು. 1983ರ ಗ್ರ್ಯಾಮಿಯಲ್ಲಿ ಮೂರು ಪ್ರಶಸ್ತಿ ಬಂತು. ಒಂದು ನೆಲ್ಸನ್‌ನ ಗಾಯನಕ್ಕೆ. ಉಳಿದೆರಡು, ವರ್ಷದ ಹಾಡು ಮತ್ತು ಅತ್ಯುತ್ತಮ ಕಂಟ್ರಿ ಹಾಡು, ಬರೆದವರಿಗೆ ಸಲ್ಲುವ ಪ್ರಶಸ್ತಿಗಳು. ಹಾಡು ಮೊದಲು ಮಾರುಕಟ್ಟೆಗೆ ಬಂದು ಹನ್ನೊಂದು ವರ್ಷ ಆದ ಮೇಲೆ ಕಾರ್ಸನ್, ಕ್ರಿಸ್ಟೋಫರ್, ಜೇಮ್ಸ್ ಮೂವರಿಗೂ ಅದು ಸಿಕ್ಕಿತು. ಒಂದು ಕವರ್‌ನಿಂದ! ಎರಡನೇ ಬಾರಿ, ಮೂರನೇ ಬಾರಿ ಹಾಡೋದು ತಪ್ಪು ಅಂತ ಯಾರಾದರೂ ನಿಯಮ ಮಾಡಿದ್ದರೆ ಬರೆದವರ ಹೆಸರು ಎಲ್ಲಿರುತ್ತಿತ್ತು? ಅಂದ ಹಾಗೆ, ನೆಲ್ಸನ್‌ಗೂ ಈ ಋಣ ಗೊತ್ತು. 1961ರಲ್ಲಿ ಪ್ಯಾಟ್ಸಿ ಕ್ಲೈನ್ ಹಾಡಿ ಗೆಲ್ಲಿಸಿದ 'ಕ್ರೇಜಿ' ಬರೆದವನು ಅವನೇ.

ಪೆಟ್ ಶಾಪ್ ಬಾಯ್ಸ್ ಬಗ್ಗೆ ನಮ್ಮ ರೂಮಿನಲ್ಲಿ ಇನ್ನೂ ಒಮ್ಮತ ಇಲ್ಲ. 1987ರಲ್ಲಿ, ಎಲ್ವಿಸ್ ತೀರಿಕೊಂಡು ಹತ್ತು ವರ್ಷ ಆದಾಗ, ಬ್ರಿಟನ್‌ನ ಐಟಿವಿ ಒಂದು ಸ್ಮರಣೆ ಕಾರ್ಯಕ್ರಮ ಮಾಡಿತು. ನೀಲ್ ಟೆನಂಟ್ ಮತ್ತು ಕ್ರಿಸ್ ಲೋ ಅದಕ್ಕೆ ಈ ಹಾಡನ್ನು ಸಿಂಥ್, ಡ್ರಮ್ ಮಶೀನ್ ಹಾಕಿ ಡಾನ್ಸ್ ಹಾಡು ಮಾಡಿಬಿಟ್ಟರು. ಜನರಿಗೆ ಇಷ್ಟವಾಗಿ ಡಿಸ್ಕ್ ಬಂತು, ಆ ಕ್ರಿಸ್ಮಸ್‌ಗೆ ಬ್ರಿಟನ್‌ನಲ್ಲಿ ಒಂದನೇ ಸ್ಥಾನ. ಪೋಗ್ಸ್ ಅವರ 'ಫೇರಿಟೇಲ್ ಆಫ್ ನ್ಯೂಯಾರ್ಕ್' ಎರಡನೇ ಸ್ಥಾನದಲ್ಲೇ ನಿಲ್ತು. ಅದಕ್ಕೆ ಕೊರಗುವವರು ಈಗಲೂ ಇದ್ದಾರೆ. ಮುಖದಲ್ಲಿ ಒಂದು ಭಾವನೆ ಇಲ್ಲದೆ ಟೆನಂಟ್ ಹಾಡ್ತಾನೆ, ಹಿಂದೆ ಬೀಟ್ ಕುಣೀತಾ ಇರುತ್ತೆ. ಇದು ಹಾಡನ್ನು ಕೊಂದಂತೆ ಅಂತ ನಮ್ಮ ಗಿಟಾರಿಸ್ಟ್ ವಾದ. ಉಳಿದಿಬ್ಬರ ವಾದ ಬೇರೆ. ಇವನೊಬ್ಬ ಸ್ವಾರ್ಥಿ, ಕ್ಷಮೆ ಕೇಳ್ತಾ ಇಲ್ಲ, ಕೇಳಿದ ಹಾಗೆ ಮಾಡ್ತಿದ್ದಾನೆ ಅನ್ನೋ ಅನುಮಾನ ಮೊದಲಿಂದಲೂ ಹಾಡಿನೊಳಗೇ ಇತ್ತು. ಅದನ್ನು ಹೊರಗೆ ಎಳೆದವರು ಇವರು. 2013ರಲ್ಲಿ ಐಟಿವಿ ನಡೆಸಿದ ಮತದಾನದಲ್ಲಿ ಎಲ್ವಿಸ್‌ನ ಹಾಡುಗಳಲ್ಲೇ ಅತಿ ಮೆಚ್ಚಿನದು ಇದು ಅಂತ ಬ್ರಿಟಿಷರು ಆರಿಸಿದರು. ಮರುವರ್ಷ ಬಿಬಿಸಿಯ ಮತದಾನದಲ್ಲಿ ಸಾರ್ವಕಾಲಿಕ ಶ್ರೇಷ್ಠ ಕವರ್ ಅಂತ ಪೆಟ್ ಶಾಪ್ ಬಾಯ್ಸ್ ಆವೃತ್ತಿಯನ್ನು ಆರಿಸಿದರು. ಒಂದೇ ದೇಶ, ಒಂದೇ ಹಾಡು. ಎರಡೂ ನಿಜ ಇರಬಹುದು ಅಲ್ವಾ?

ನಮ್ಮ ಸ್ಪರ್ಧೆಗೆ ಬರೋಣ. ನಿಯಮ ಮಾಡ್ತಿರೋ ಸೀನಿಯರ್‌ಗಳ ಸಿಟ್ಟು ನಮಗೆ ಅರ್ಥ ಆಗಲ್ಲ ಅಂತಲ್ಲ. ಕರೋಕೆ ಟ್ರ್ಯಾಕ್ ಹಾಕಿ, ಸಿನಿಮಾದ ಗಾಯಕ ಎಲ್ಲಿ ಉಸಿರು ತಗೊಂಡಿದ್ದಾನೋ ಅಲ್ಲೇ ಉಸಿರು ತಗೊಂಡು ಹಾಡೋರನ್ನು ಹೋದ ವರ್ಷ ಹನ್ನೆರಡು ಮಂದಿಯನ್ನು ಸಾಲಾಗಿ ಕೇಳಿದ್ದೀವಿ. ನಮಗೂ ಆಕಳಿಕೆ ಬಂದಿತ್ತು. ಸ್ವಂತ ಹಾಡು ಬರೆಯೋರಿಗೆ ಪ್ರೋತ್ಸಾಹ ಸಿಗಲಿ, ಬೇಕಿದ್ದರೆ ಅವರಿಗೆ ಬೇರೆ ಬಹುಮಾನವನ್ನೇ ಇಡಲಿ. ಆದರೆ ಕವರ್ ಅನ್ನೋ ಒಂದೇ ಕಾರಣಕ್ಕೆ ಅರ್ಧ ಅಂಕ ಕಡಿದರೆ, ಉಸಿರು ನಕಲು ಮಾಡೋನೂ ಹಾಡನ್ನು ಬಿಚ್ಚಿ ಮತ್ತೆ ಕಟ್ಟೋನೂ ಒಂದೇ ತಕ್ಕಡಿಗೆ ಬೀಳ್ತಾರೆ. ಇನ್ನೊಂದು ಕಡೆ, ಒರಿಜಿನಲ್ ಥರ ಇಲ್ಲ ಅಂತ ಅಂಕ ಕಡಿಯೋ ಜಡ್ಜ್‌ಗಳನ್ನು ಕರೆದರೆ, ಉಸಿರು ನಕಲು ಮಾಡೋನೇ ಗೆಲ್ತಾನೆ. ಎರಡರಲ್ಲೂ ಸೋಲೋದು ನಮ್ಮ ರೂಮ್‌ಮೇಟ್ ಥರದವರು.

ಇದಕ್ಕಿಂತ ನಮ್ಮನ್ನು ಹೆಚ್ಚು ಕಾಡೋ ವಿಷಯ ಒಂದಿದೆ. ಒರಿಜಿನಲ್ ಒರಿಜಿನಲ್ ಅಂತ ಇಷ್ಟು ಮಾತಾಡೋ ನಾವು, ಹೋದ ವರ್ಷ ಇಡೀ ಸಂಜೆ ಒಂದೇ ಒಂದು ಹಾಡಿಗಾದರೂ ಬರೆದವರ ಹೆಸರು ವೇದಿಕೆಯಿಂದ ಹೇಳಲಿಲ್ಲ. ಸಿನಿಮಾದ ಹೆಸರು ಹೇಳಿದ್ವಿ, ಹೀರೋ ಹೆಸರು ಹೇಳಿದ್ವಿ, ಶಿಳ್ಳೆ ಬಿತ್ತು. ಭಾವಗೀತೆಯೊಂದನ್ನು ಹಾಡಿದ ಹುಡುಗಿ ಕೂಡ ಕವಿಯ ಹೆಸರು ಹೇಳದೆ ಇಳಿದು ಹೋದಳು. ಕೇಳಿದರೆ "ಟೈಮ್ ಕಡಿಮೆ ಇತ್ತು" ಅಂದಳು. ಅವಳನ್ನು ಬಯ್ಯೋಕೆ ನಮಗೇನು ಹಕ್ಕಿದೆ, ಕಾರ್ಯಕ್ರಮ ನಿರೂಪಣೆ ಮಾಡಿದ್ದು ನಮ್ಮಲ್ಲೊಬ್ಬನೇ. ಫೋನಿನ ಆಪ್‌ಗಳಲ್ಲೂ ಹಾಡಿದವರ ಮುಖ ದೊಡ್ಡದಾಗಿ ಬರುತ್ತೆ, ಬರೆದವರನ್ನು ಹುಡುಕೋಕೆ ಮೂರು ಕಡೆ ಒತ್ತಬೇಕು. ವೇಯ್ನ್ ಕಾರ್ಸನ್ ಹೆಸರು ನಮಗೆ ಗೊತ್ತಾಗಿದ್ದು ಜಗಳ ಗೆಲ್ಲೋ ಹಟಕ್ಕೆ ಬಿದ್ದು ಹುಡುಕಿದಾಗ. ಅಲ್ಲಿವರೆಗೆ ಆ ಹಾಡನ್ನು ನೂರು ಸಲನಾದ್ರೂ ಕೇಳಿರ್ತೀವಿ.

ಹಾಗಾಗಿ ಸಂಘದ ಸಮಿತಿಗೆ ನಮ್ಮ ಕೋರಿಕೆ ದೊಡ್ಡದೇನಲ್ಲ. ಅರ್ಧ ಅಂಕದ ನಿಯಮ ಕೈಬಿಡಿ. ಜಡ್ಜ್‌ಗಳ ಹಾಳೆಯಲ್ಲಿ "ಮೂಲಕ್ಕೆ ನಿಷ್ಠೆ" ಅಂತ ಒಂದು ಸಾಲಿದೆ, ಅದನ್ನೂ ತೆಗೆದು ಆ ಜಾಗದಲ್ಲಿ "ಹಾಡಿನಲ್ಲಿ ಇವರಿಗೆ ಕೇಳಿಸಿದ್ದೇನು" ಅಂತ ಹಾಕಿ. ಪದ ಸರಿ ಇಲ್ಲ ಅನ್ನಿಸಿದರೆ ಕನ್ನಡ ಮೇಷ್ಟ್ರನ್ನು ಕೇಳಿ ತಿದ್ದೋಣ. ಇನ್ನು ಹೆಸರು ಕೊಡುವ ಫಾರಂನಲ್ಲಿ ಈಗ ಇರೋದು ನಾಲ್ಕೇ ಕಾಲಂ: ಹೆಸರು, ಬ್ರಾಂಚ್, ಹಾಡು, ಸಿನಿಮಾ. ಅದಕ್ಕೆ ಇನ್ನೆರಡು ಸೇರಿಸಿ, ಬರೆದವರು ಮತ್ತು ರಾಗ ಹಾಕಿದವರು. ಖಾಲಿ ಬಿಟ್ಟರೆ ಫಾರಂ ತಗೋಬೇಡಿ. ನಮ್ಮ ರೂಮ್‌ಮೇಟ್ ಫಾರಂ ಈಗಾಗಲೇ ತುಂಬಿ ಇಟ್ಟಿದ್ದಾನೆ, ಆ ಎರಡು ಕಾಲಂಗಳನ್ನು ಸ್ಕೇಲ್ ಇಟ್ಟು ಪೆನ್ನಲ್ಲಿ ತಾನೇ ಎಳೆದುಕೊಂಡು. ಹಾಡು ಅದೇ ಹಳೆಯದು, ಫೆಸ್ಟ್‌ನಲ್ಲಿ ಒರಿಜಿನಲ್ ಥರ ಬರ್ಲಿಲ್ಲ ಅನ್ನಿಸಿಕೊಂಡಿದ್ದು. ಈ ಸಲ ಇನ್ನೂ ನಿಧಾನ ಹಾಡ್ತಾನಂತೆ.